ಮಹಡಿಯ ಮೇಲೆ ಲೇತ್: ಒಂದು ಟನ್ ಕಬ್ಬಿಣವನ್ನು ಮನೆಯ ಸ್ಲ್ಯಾಬ್ ಹೊರುವ ಲೆಕ್ಕ

ಬೆಂಗಳೂರಿನ ಕಾಮಾಕ್ಷಿಪಾಳ್ಯ, ರಾಜಾಜಿನಗರ, ಪೀಣ್ಯದ ಸುತ್ತಿನ ಬೀದಿಗಳಲ್ಲಿ ಮನೆಯೊಳಗೆ ಲೇತ್, ಎಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ, ಇರುವುದು ಹೊಸ ಸಂಗತಿಯಲ್ಲ. 1953ರಲ್ಲಿ ಯಂತ್ರ ತಯಾರಿಸುವ ಕಾರ್ಖಾನೆಯಾದ ಎಚ್‌ಎಂಟಿ ಸ್ಥಾಪನೆಯಾದಂದಿನಿಂದ ಈ ಊರಿನಲ್ಲಿ ಟರ್ನರ್, ಫಿಟ್ಟರ್ ಕೆಲಸ ಕಲಿತವರು ಎರಡು ಮೂರು ತಲೆಮಾರು ಆಗಿದ್ದಾರೆ. ನಿವೃತ್ತಿಯ ನಂತರ ಮನೆಯಲ್ಲೇ ಒಂದು ಯಂತ್ರವನ್ನಿಟ್ಟುಕೊಂಡು ಸಣ್ಣಪುಟ್ಟ ಜಾಬ್‌ಗಳನ್ನು ಮಾಡಿಕೊಂಡಿರಬೇಕೆಂಬುದು ಅವರಲ್ಲಿ ಅನೇಕರ ಆಸೆ. ಹಿಂದೆ ಅಂಥ ಯಂತ್ರ ನೆಲಮಹಡಿಯಲ್ಲಿ, ಗಟ್ಟಿ ಮಣ್ಣಿನ ಮೇಲೆ ಹಾಸಿದ ಕಾಂಕ್ರೀಟಿನ ಮೇಲೆಯೇ ನಿಲ್ಲುತ್ತಿತ್ತು. ಈಗ 30×40 ನಿವೇಶನದ ಮನೆಯಲ್ಲಿ ನೆಲಮಹಡಿ ಕಾರಿಗೋ ಬಾಡಿಗೆಗೋ ಹೋಗಿರುತ್ತದೆ; ಉಳಿಯುವುದು ಮೊದಲನೆಯ ಅಥವಾ ಎರಡನೆಯ ಮಹಡಿಯ ಒಂದು ಕೋಣೆ. ಅಲ್ಲಿ ಒಂದು ಟನ್ ತೂಕದ ಲೇತನ್ನು ಇಡಬಹುದೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳುವ ದಾರಿ ಇದೆ, ಮತ್ತು ಅದರ ಬಹುಪಾಲನ್ನು ಗುಣಾಕಾರ ಭಾಗಾಕಾರ ಬಲ್ಲ ಯಾರು ಬೇಕಾದರೂ ನಡೆಯಬಹುದು.

ಈ ವಿಷಯ ಮಾತಿಗೆ ಬಂದಾಗಲೆಲ್ಲ ಎರಡು ವಾದಗಳು ಕೇಳಿಬರುತ್ತವೆ. ಒಂದು: ಗೃಹಪ್ರವೇಶದ ದಿನ ಅದೇ ಕೋಣೆಯಲ್ಲಿ ಮೂವತ್ತು ಜನ ಕೂತು ಊಟ ಮಾಡಿದ್ದರು, ಅದು ಹತ್ತಿರ ಹತ್ತಿರ ಎರಡು ಟನ್, ಏನೂ ಆಗಲಿಲ್ಲ. ಇನ್ನೊಂದು: ತಾರಸಿಯ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕು ಇದೆ, ಅದು ತುಂಬಿದರೆ ಒಂದು ಟನ್, ಅದಕ್ಕೂ ಏನೂ ಆಗಿಲ್ಲ. ಇವೆರಡನ್ನೂ ತಳ್ಳಿಹಾಕುವಂತಿಲ್ಲ, ಏಕೆಂದರೆ ಎರಡರಲ್ಲೂ ಅರ್ಧ ಸತ್ಯವಿದೆ. ಮೂವತ್ತು ಜನ ಕೋಣೆಯ ತುಂಬ ಹರಡಿ ಕೂತಿದ್ದರು, ಎರಡು ಗಂಟೆಯಲ್ಲಿ ಎದ್ದು ಹೋದರು. ಯಂತ್ರ ನಾಲ್ಕು ಕಾಲುಗಳ ಮೇಲೆ ಒಂದೇ ಜಾಗದಲ್ಲಿ ಹದಿನೈದು ಇಪ್ಪತ್ತು ವರ್ಷ ನಿಂತಿರುತ್ತದೆ. ಟ್ಯಾಂಕನ್ನು, ಕೆಲಸ ಬಲ್ಲ ಮೇಸ್ತ್ರಿಯಾಗಿದ್ದರೆ, ಗೋಡೆಯ ಅಥವಾ ಪಿಲ್ಲರಿನ ನೇರಕ್ಕೆ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿರುತ್ತಾನೆ; ಅಲ್ಲದೆ ಟ್ಯಾಂಕು ತಿರುಗುವುದಿಲ್ಲ, ಅದುರುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎಷ್ಟು ಕಿಲೋ ಎಂಬುದಷ್ಟೇ ಅಲ್ಲ. ಆ ತೂಕ ಎಲ್ಲಿ ನಿಲ್ಲುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಮತ್ತು ನಿಂತಲ್ಲಿ ಏನು ಮಾಡುತ್ತದೆ ಎಂಬುದನ್ನೂ ಕೇಳಬೇಕು.

ಸ್ಲ್ಯಾಬಿಗೆ ಎಷ್ಟು ಹೊರಲು ಹೇಳಲಾಗಿದೆ

ಭಾರತದಲ್ಲಿ ಕಟ್ಟಡಗಳ ಮೇಲೆ ಬೀಳುವ ಬಳಕೆಯ ಭಾರವನ್ನು ಐಎಸ್ 875 ಎಂಬ ಭಾರತೀಯ ಮಾನಕ ಸಂಹಿತೆಯ ಎರಡನೆಯ ಭಾಗ ನಿಗದಿಪಡಿಸುತ್ತದೆ. 1987ರ ಆ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ. ಮೆಟ್ಟಿಲು ಮತ್ತು ಬಾಲ್ಕನಿಗೆ 3 ಕಿಲೋನ್ಯೂಟನ್. ಜನ ಹತ್ತಬಹುದಾದ ತಾರಸಿಗೆ 1.5 ಮಾತ್ರ. ಅದೇ ಸಂಹಿತೆ ಕಾರ್ಖಾನೆಗಳ ವಿಷಯಕ್ಕೆ ಬಂದಾಗ ಯಂತ್ರಗಳಿರುವ ಕೆಲಸದ ಜಾಗಕ್ಕೆ ಹಗುರ ಕೆಲಸವಾದರೆ 5, ಮಧ್ಯಮವಾದರೆ 7, ಭಾರಿ ಕೆಲಸವಾದರೆ 10 ಕಿಲೋನ್ಯೂಟನ್ ಹಿಡಿಯಬೇಕೆನ್ನುತ್ತದೆ. ಮನೆಯ ಕೋಣೆಯನ್ನು ವರ್ಕ್‌ಶಾಪ್ ಮಾಡಿದರೆ, ಕಾಗದದ ಮೇಲೆ ಅದು ಹೊರಬೇಕಾದ ಭಾರ ಕನಿಷ್ಠ ಎರಡೂವರೆ ಪಟ್ಟಾಗುತ್ತದೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಮನೆಗಳಲ್ಲಿ ಸಾಮಾನ್ಯವಾದ 125 ಮಿಲಿಮೀಟರ್, ಎಂದರೆ ಐದಿಂಚಿನ ಆರ್‌ಸಿಸಿ ಸ್ಲ್ಯಾಬನ್ನು ತೆಗೆದುಕೊಳ್ಳೋಣ. ಅದರ ಸ್ವಂತ ತೂಕವೇ ಚದರ ಮೀಟರಿಗೆ ಸುಮಾರು 320 ಕಿಲೋ. ಮೇಲಿನ ಗಾರೆ, ಟೈಲ್ಸ್, ಕೆಳಗಿನ ಪ್ಲಾಸ್ಟರಿಂಗ್ ಸೇರಿ ಇನ್ನು 100 ಕಿಲೋ. ನಮ್ಮ ಬಳಕೆಗೆಂದು ಉಳಿದದ್ದು 200 ಕಿಲೋ. ಎಂದರೆ ಸ್ಲ್ಯಾಬಿನ ಶಕ್ತಿಯ ಮೂರರಲ್ಲಿ ಎರಡು ಭಾಗ ತನ್ನನ್ನು ತಾನು ಹೊತ್ತುಕೊಳ್ಳುವುದಕ್ಕೇ ಖರ್ಚಾಗಿರುತ್ತದೆ. ನಾವು ಆಡಬಹುದಾದದ್ದು ಉಳಿದ ಮೂರನೆಯ ಒಂದು ಭಾಗದಲ್ಲಿ.

ಈಗ ಎರಡು ಎದುರು ಗೋಡೆಗಳ ಮೇಲೆ ಕೂತಿರುವ, ಮೂರು ಮೀಟರ್ ಅಗಲದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಕೋಣೆಯ ತುಂಬ ಚದರ ಮೀಟರಿಗೆ 200 ಕಿಲೋ ಹರಡಿದರೆ, ಸ್ಲ್ಯಾಬನ್ನು ನಡುವಿನಲ್ಲಿ ಬಾಗಿಸುವ ಪರಿಣಾಮ, ಇಂಜಿನಿಯರುಗಳು ಬೆಂಡಿಂಗ್ ಮೊಮೆಂಟ್ ಎನ್ನುವುದು, ಒಂದು ಮೀಟರ್ ಅಗಲದ ಪಟ್ಟಿಗೆ 225 ಕಿಲೋ-ಮೀಟರ್ ಆಗುತ್ತದೆ. ಇಲ್ಲಿ ಕಿಲೋ-ಮೀಟರ್ ಎಂದರೆ ದೂರವಲ್ಲ. ಒಂದು ಕಿಲೋ ಭಾರ ಒಂದು ಮೀಟರ್ ಉದ್ದದ ಸನ್ನೆಯ ತುದಿಯಲ್ಲಿ ಉಂಟುಮಾಡುವ ಬಾಗಿಸುವ ಪರಿಣಾಮ. ಇದೇ ಕೋಣೆಯ ನಟ್ಟನಡುವೆ ಒಂದು ಟನ್ನಿನ ಲೇತನ್ನು ಇಟ್ಟರೆ ಒಟ್ಟು ಪರಿಣಾಮ 750. ಆದರೆ ಅದನ್ನು ಒಂದೇ ಪಟ್ಟಿ ಹೊರುವುದಿಲ್ಲ. ಅಕ್ಕಪಕ್ಕದ ಪಟ್ಟಿಗಳೂ ಕೈಜೋಡಿಸುತ್ತವೆ. ಎಷ್ಟು ಅಗಲ ಕೈಜೋಡಿಸುತ್ತದೆ ಎಂಬುದಕ್ಕೆ ಕಾಂಕ್ರೀಟಿನ ಸಂಹಿತೆಯಾದ ಐಎಸ್ 456ರಲ್ಲಿ ಒಂದು ಸೂತ್ರವಿದೆ. ಲೇತನ್ನು ಆಧಾರದ ಗೋಡೆಗಳಿಗೆ ಸಮಾನಾಂತರವಾಗಿ ಇಟ್ಟು, ಅದರ ಕಾಲುಗಳ ನಡುವಿನ ಉದ್ದ 1.2 ಮೀಟರ್ ಎಂದು ಹಿಡಿದರೆ, ಆ ಅಗಲ ಸುಮಾರು ಮೂರು ಮೀಟರ್ ಬರುತ್ತದೆ. ಎಂದರೆ ಮೀಟರಿಗೆ ಸುಮಾರು 245. ತಿರುಗುವ ಹಗುರ ಯಂತ್ರಕ್ಕೆ ಶೇಕಡಾ 20ರಷ್ಟು ಹೆಚ್ಚು ಹಿಡಿಯಬೇಕೆಂದು ಐಎಸ್ 875 ಹೇಳುತ್ತದೆ, ಹಿಡಿದರೆ 295. ಕೊಟ್ಟಿದ್ದು 225, ಬೇಕಾದದ್ದು 295.

ಅಲ್ಲಿಗೆ ಸ್ಲ್ಯಾಬ್ ಕುಸಿಯುತ್ತದೆಯೇ? ಇಲ್ಲ. ಸ್ವಂತ ತೂಕದ ಪಾಲನ್ನೂ ಸೇರಿಸಿ ನೋಡಿದರೆ ಒಟ್ಟು ಲೆಕ್ಕದಲ್ಲಿ ಈ ಹೆಚ್ಚಳ ಶೇಕಡಾ ಹತ್ತರಷ್ಟೇ, ಮತ್ತು ವಿನ್ಯಾಸದಲ್ಲಿ ಭಾರವನ್ನು ಒಂದೂವರೆ ಪಟ್ಟು ಮಾಡಿಯೇ ಕಬ್ಬಿಣ ಕೊಟ್ಟಿರುತ್ತಾರೆ. ಆದರೆ ಆ ಒಂದೂವರೆ ಪಟ್ಟು ನಮಗಾಗಿ ಎತ್ತಿಟ್ಟ ಉಳಿತಾಯವಲ್ಲ. ಮೇಸ್ತ್ರಿ ಆರಿಂಚಿಗೊಂದು ಹಾಕಬೇಕಾದ ಸರಳನ್ನು ಏಳಿಂಚಿಗೆ ಹಾಕಿದ್ದರೆ, ಮೋಲ್ಡಿಂಗ್ ದಿನ ಕಾಂಕ್ರೀಟಿಗೆ ನೀರು ಹೆಚ್ಚಾಗಿದ್ದರೆ, ಕ್ಯೂರಿಂಗ್ ಮೂರೇ ದಿನಕ್ಕೆ ನಿಂತಿದ್ದರೆ, ಬಚ್ಚಲಿನ ಸೋರಿಕೆಯಿಂದ ಕಂಬಿಗೆ ತುಕ್ಕು ಹಿಡಿದಿದ್ದರೆ, ಆ ಎಲ್ಲ ಕೊರತೆಗಳನ್ನು ತುಂಬುವುದು ಅದೇ ಒಂದೂವರೆ ಪಟ್ಟು. ಅದನ್ನು ನಾವು ಯಂತ್ರಕ್ಕೆ ಬಳಸಿಕೊಂಡರೆ ಆ ತಪ್ಪುಗಳಿಗೆ ಏನೂ ಉಳಿಯುವುದಿಲ್ಲ. ಎರಡು ಟನ್ನಿನ ಆಸುಪಾಸಿನ ಹಳೆಯ ಎಚ್‌ಎಂಟಿ ಲೇತ್ ಗುಜರಿ ಬೆಲೆಗೆ ಸಿಕ್ಕಿತೆಂದು ತರುವವರ ಬಗ್ಗೆ ನನಗೆ ಆತಂಕವಾಗುವುದು ಇದೇ ಕಾರಣಕ್ಕೆ: ಅಲ್ಲಿ ಹೆಚ್ಚಳ ಶೇಕಡಾ ಹತ್ತರಲ್ಲಿ ನಿಲ್ಲುವುದಿಲ್ಲ.

ಯಂತ್ರವನ್ನು ಗೋಡೆಯ ಬದಿಗೆ ಸರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಸಲಹೆ ಒಳ್ಳೆಯದೇ, ಆದರೆ ಲಾಭ ಅಂದುಕೊಂಡಷ್ಟಿಲ್ಲ. ಮೇಲಿನ ಕೋಣೆಯಲ್ಲೇ ಲೇತನ್ನು ಗೋಡೆಯಿಂದ ಅರ್ಧ ಮೀಟರ್ ದೂರಕ್ಕೆ ತಂದರೆ ಒಟ್ಟು ಪರಿಣಾಮ 750ರಿಂದ 417ಕ್ಕೆ ಇಳಿಯುತ್ತದೆ; ಆದರೆ ಅಂಚಿಗೆ ಬಂದಂತೆ ಕೈಜೋಡಿಸುವ ಅಗಲವೂ ಕಿರಿದಾಗಿ ಸುಮಾರು 2.2 ಮೀಟರಿಗೆ ಬರುತ್ತದೆ. ಹಾಗಾಗಿ ಮೀಟರಿಗೆ 187, ಯಂತ್ರದ ಶೇಕಡಾ 20 ಸೇರಿಸಿದರೆ 224. ಎಂದರೆ ಅನುಮತಿಸಿದ 225ರ ಗೆರೆಯ ಮೇಲೆ ಸರಿಯಾಗಿ ಬಂದು ನಿಂತಂತಾಯಿತು. ಒಂದು ಟನ್ನಿನ ಯಂತ್ರ, ಗೋಡೆಯ ಬದಿ, ಕೋಣೆಯಲ್ಲಿ ಬೇರೇನೂ ಇಲ್ಲ: ಇದು ಸಾಧ್ಯ. ನಾಲ್ಕೂ ಕಡೆ ಆಧಾರವಿರುವ ಸ್ಲ್ಯಾಬಾದರೆ ಇನ್ನೂ ಸ್ವಲ್ಪ ಉಸಿರಾಡಬಹುದು.

ಬೇರೇನೂ ಇಲ್ಲ ಎಂಬ ಷರತ್ತೇ ಕಷ್ಟದ್ದು. ವರ್ಕ್‌ಶಾಪ್ ಎಂದ ಮೇಲೆ ಸಾಮಾನು ಸೇರುತ್ತಲೇ ಹೋಗುತ್ತದೆ. ಫ್ಯಾಬ್ರಿಕೇಶನ್ ಅಂಗಡಿಯವರೆಲ್ಲ ಬಲ್ಲ ಸೂತ್ರವೊಂದಿದೆ: ದುಂಡು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 50 ಮಿಲಿಮೀಟರಿನ ಸರಳು ಮೀಟರಿಗೆ 15 ಕಿಲೋಗೂ ಹೆಚ್ಚು. ಮೂರು ಮೀಟರ್ ಉದ್ದದ ಹತ್ತು ಸರಳುಗಳನ್ನು ಮೂಲೆಗೆ ಒರಗಿಸಿದರೆ 460 ಕಿಲೋ ಆಯಿತು, ಅರ್ಧ ಲೇತಿನಷ್ಟು; ಅದನ್ನು ಯಾರೂ ಯಂತ್ರವೆಂದು ಎಣಿಸುವುದಿಲ್ಲ. ಜೊತೆಗೆ ವೈಸ್ ಬಿಗಿದ ಬೆಂಚು, ಪಿಲ್ಲರ್ ಡ್ರಿಲ್, ಕೆಲಸದ ತುಂಡನ್ನು (ಜಾಬನ್ನು) ಹಿಡಿದು ತಿರುಗಿಸುವ ಚಕ್‌ಗಳು, ಕಬ್ಬಿಣದ ಬೀರು, ಮೂಟೆ ತುಂಬಿದ ಲೋಹದ ಸಿಪ್ಪೆ. ಯಂತ್ರ ತರುವ ಮೊದಲು ಕೋಣೆಯ ನಕ್ಷೆಯನ್ನು ಚೌಕಳಿ ಕಾಗದದ ಮೇಲೆ ಬರೆದು, ಪ್ರತಿ ವಸ್ತುವಿನ ತೂಕವನ್ನು ಅದರ ಜಾಗದಲ್ಲಿ ನಮೂದಿಸಿಕೊಳ್ಳುವುದು ಒಂದು ಸಂಜೆಯ ಕೆಲಸ. ಅನೇಕ ಸಲ ಈ ಕಾಗದವೇ ಲೇತಿಗಿಂತ ಸರಳುಗಳನ್ನು ಕೆಳಗಿಡುವುದು ಮುಖ್ಯ ಎಂದು ತೋರಿಸಿಕೊಡುತ್ತದೆ.

ಯಾವ ಬಗೆಯ ಮಹಡಿ

ಇಷ್ಟೂ ಲೆಕ್ಕ ಸರಿಯಾಗಿ ಕಟ್ಟಿದ ಆರ್‌ಸಿಸಿ ಸ್ಲ್ಯಾಬಿನದು. ನಮ್ಮ ನಾಡಿನ ಮನೆಗಳೆಲ್ಲ ಅಂಥವಲ್ಲ. ತುಮಕೂರು, ಕೋಲಾರದ ಕಡೆ ಹಳೆಯ ಮನೆಗಳ ಮಾಳಿಗೆಗೆ ಉದ್ದನೆಯ ಚಪ್ಪಡಿ ಕಲ್ಲುಗಳನ್ನು ಗೋಡೆಯಿಂದ ಗೋಡೆಗೆ ಹಾಸಿರುತ್ತಾರೆ. ಕಲಬುರಗಿಯ ಕಡೆ ಶಹಾಬಾದ್ ಕಲ್ಲಿನ ಬಳಕೆ ಹೆಚ್ಚು. ಕಲ್ಲು ಒತ್ತಡಕ್ಕೆ ಬಲು ಗಟ್ಟಿ, ಬಾಗಿಸಿದರೆ ದುರ್ಬಲ. ಒಳಗೆ ಕಂಬಿ ಇಲ್ಲದ್ದರಿಂದ ಅದು ಮೊದಲು ಬಾಗಿ, ಬಿರುಕು ತೋರಿಸಿ, ಎಚ್ಚರಿಕೆ ಕೊಟ್ಟು ಮುರಿಯುವುದಿಲ್ಲ, ಒಮ್ಮೆಲೇ ಎರಡಾಗುತ್ತದೆ. ಚಪ್ಪಡಿಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಒಂದರ ಭಾರವನ್ನು ಇನ್ನೊಂದು ಹಂಚಿಕೊಳ್ಳುವುದಿಲ್ಲವಾದ್ದರಿಂದ, ಮೇಲೆ ಹೇಳಿದ ಮೂರು ಮೀಟರ್ ಅಗಲದ ನೆರವೂ ಅಲ್ಲಿಲ್ಲ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಮಾಡಿದ ಮದ್ರಾಸ್ ತಾರಸಿಯಲ್ಲಿ ಬಲವೆಲ್ಲ ತೊಲೆಯದು, ಮತ್ತು ಆ ತೊಲೆಯ ತುದಿ ಗೋಡೆಯೊಳಗೆ ಗೆದ್ದಲು ಹಿಡಿದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಮಲೆನಾಡಿನ ಹಲಗೆಯ ಅಟ್ಟದ ಮಾತನ್ನು ಆಡುವುದೇ ಬೇಡ. ಈ ಮೂರು ಬಗೆಯ ಮಹಡಿಗಳ ಮೇಲೆ ಬೆಂಚಿನ ಮೇಲಿಡುವ ನಲವತ್ತೈವತ್ತು ಕಿಲೋದ ಮಿನಿ ಲೇತಿಗಿಂತ ದೊಡ್ಡದನ್ನು ಏರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆರ್‌ಸಿಸಿ ಮನೆಯಲ್ಲೂ ತಿಳಿದಿರಬೇಕಾದದ್ದು ಸ್ಲ್ಯಾಬ್ ಯಾವುದರ ಮೇಲೆ ಕೂತಿದೆ ಎಂಬುದು. ಒಂಬತ್ತಿಂಚಿನ ಗೋಡೆಯೇ, ಪಿಲ್ಲರ್-ಬೀಮಿನ ಚೌಕಟ್ಟೇ? ಕೆಳಗಿನ ನಾಲ್ಕೂವರೆ ಇಂಚಿನ ಗೋಡೆಯನ್ನು ಸ್ಲ್ಯಾಬ್ ಹಾಕಿದ ಮೇಲೆ ಅಡ್ಡಗೋಡೆಯಾಗಿ ಕಟ್ಟಿದ್ದೇ, ಅಥವಾ ಸ್ಲ್ಯಾಬೇ ಅದರ ಮೇಲೆ ಕೂತಿದೆಯೇ? ಸರಳುಗಳು ಯಾವ ದಿಕ್ಕಿಗೆ, ಎಷ್ಟು ಅಂತರಕ್ಕೆ ಇವೆ? ಮನೆ ಕಟ್ಟುವಾಗಿನ ಸ್ಟ್ರಕ್ಚರಲ್ ಡ್ರಾಯಿಂಗ್ ಇದ್ದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಇಲ್ಲದಿದ್ದರೆ ಸ್ಟ್ರಕ್ಚರಲ್ ಇಂಜಿನಿಯರರು ಕಂಬಿ ಪತ್ತೆ ಮಾಡುವ ಉಪಕರಣದಿಂದ ಸ್ಲ್ಯಾಬನ್ನು ಒಡೆಯದೆಯೇ ಸರಳುಗಳ ಜಾಗವನ್ನು ಗುರುತಿಸಬಲ್ಲರು. ಯಂತ್ರ ಅರ್ಧ ಟನ್ ದಾಟುವುದಾದರೆ ಈ ಖರ್ಚನ್ನು ಯಂತ್ರದ ಬೆಲೆಯ ಭಾಗವೆಂದೇ ತಿಳಿಯಬೇಕು.

ತೂಕ ಹೊತ್ತ ಮೇಲೆ ಉಳಿಯುವ ಪ್ರಶ್ನೆ: ಅದುರು

ಸ್ಲ್ಯಾಬ್ ಮುರಿಯುವುದಿಲ್ಲ ಎಂದು ತೀರ್ಮಾನವಾದ ಮೇಲೆ ಅನೇಕರು ಲೆಕ್ಕದ ಪುಸ್ತಕ ಮುಚ್ಚಿಬಿಡುತ್ತಾರೆ. ನಿಜವಾದ ತೊಂದರೆ ಶುರುವಾಗುವುದು ಅಲ್ಲಿಂದ. ಮಣ್ಣಿನ ಮೇಲಿನ ನೆಲಕ್ಕೂ ಮಹಡಿಯ ಸ್ಲ್ಯಾಬಿಗೂ ಇರುವ ವ್ಯತ್ಯಾಸ ಬಲದ್ದಕ್ಕಿಂತ ಹೆಚ್ಚಾಗಿ ಬಿಗಿಯದ್ದು. ಸ್ಲ್ಯಾಬ್ ಒಂದು ಸ್ಪ್ರಿಂಗು. ಬಹಳ ಗಡುಸಾದ ಸ್ಪ್ರಿಂಗು, ಆದರೂ ಸ್ಪ್ರಿಂಗೇ. ಅದರ ಮೇಲೆ ತೂಕವಿಟ್ಟರೆ ಅದಕ್ಕೆ ತನ್ನದೇ ಆದ ಒಂದು ಕುಣಿತದ ಲಯ, ಸ್ವಾಭಾವಿಕ ಆವೃತ್ತಿ, ಬಂದುಬಿಡುತ್ತದೆ. ಇದನ್ನು ಅಂದಾಜು ಮಾಡುವ ಸರಳ ಸೂತ್ರವಿದೆ. ಯಂತ್ರದ ತೂಕಕ್ಕೆ ನೆಲ ಎಷ್ಟು ಮಿಲಿಮೀಟರ್ ತಗ್ಗುತ್ತದೆಯೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ, ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದು ಸಿಗುತ್ತದೆ. ಒಂದೂವರೆ ಮಿಲಿಮೀಟರ್ ತಗ್ಗಿದರೆ ಸುಮಾರು 12.9 ಸಲ. ಅದನ್ನು ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ 774.

ಈ ಸಂಖ್ಯೆಯನ್ನು ನೋಡಿದರೆ ಟರ್ನರ್‌ಗೆ ವಿಷಯ ಹೊಳೆಯುತ್ತದೆ. ಸಾಮಾನ್ಯ ಲೇತಿನ ಚಕ್ ನಿಮಿಷಕ್ಕೆ ಐವತ್ತು ಸುತ್ತುಗಳಿಂದ ಸಾವಿರದಾಚೆಗೆ ತಿರುಗುತ್ತದೆ. 774 ಅದರ ನಟ್ಟನಡುವೆ ಬೀಳುತ್ತದೆ. ಚಕ್ಕಿನಲ್ಲಿ ಸಮತೂಕವಿಲ್ಲದ ಜಾಬನ್ನು, ಒಂದು ಎರಕದ ಬ್ರಾಕೆಟ್ಟನ್ನೋ ಎಕ್ಸೆಂಟ್ರಿಕ್ಕನ್ನೋ ಹಿಡಿದು ಆ ವೇಗಕ್ಕೆ ತಂದರೆ ಚಕ್ಕಿನ ಪ್ರತಿ ಸುತ್ತೂ ನೆಲದ ಲಯಕ್ಕೆ ತಾಳ ಹಾಕುತ್ತದೆ. ಮಗುವಿನ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ನೂಕುತ್ತಿದ್ದರೆ ಅದು ಎತ್ತರಕ್ಕೆ ಹೋಗುವ ಹಾಗೆ, ಸಣ್ಣ ಬಲವೂ ದೊಡ್ಡ ಅದುರಾಗುತ್ತದೆ. ಅನುರಣನೆ ಎಂದರೆ ಇದೇ. ಜಾಬಿನ ಮೇಲೆ ಅಲೆಅಲೆಯಾದ ಗುರುತು ಬೀಳುತ್ತದೆ, ಕೆಳಗಿನ ಮನೆಯ ಪಾತ್ರೆಗಳು ಗಿಣಿಗಿಣಿ ಎನ್ನುತ್ತವೆ. ಒಳ್ಳೆಯ ಲೇತನ್ನು ಮಹಡಿಗೆ ತಂದ ಮೇಲೆ ಫಿನಿಶಿಂಗ್ ಕೆಟ್ಟಿತೆಂದು ಟೂಲನ್ನೂ ಬೇರಿಂಗನ್ನೂ ದೂರುವವರು ಮೊದಲು ವೇಗವನ್ನು ಒಂದು ಗೇರ್ ಮೇಲೆ ಅಥವಾ ಕೆಳಗೆ ಮಾಡಿ ನೋಡಬೇಕು. ಅದುರು ಒಂದೇ ವೇಗದಲ್ಲಿ ಹೆಚ್ಚಾಗಿ ಉಳಿದ ವೇಗಗಳಲ್ಲಿ ಅಡಗಿದರೆ ತಪ್ಪು ಲೇತಿನದಲ್ಲ.

ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಅದುರಿಸುವುದಿಲ್ಲ. ಲೇತ್, ಡ್ರಿಲ್, ಮಿಲ್ಲಿಂಗ್ ಯಂತ್ರಗಳು ತಿರುಗುವಂಥವು. ಅವುಗಳ ಬಲ ಸಣ್ಣದು. ಹಿಂದೆಮುಂದೆ ಚಲಿಸುವ ಯಂತ್ರಗಳಿಗೆ, ಎಂದರೆ ಪಿಸ್ಟನ್ ಕಂಪ್ರೆಸರ್, ಲೋಹ ಹೆರೆಯುವ ಶೇಪರ್‌ನಂಥವಕ್ಕೆ, ಸಂಹಿತೆ ತೂಕದ ಮೇಲೆ ಶೇಕಡಾ 50 ಹೆಚ್ಚು ಹಿಡಿಯಲು ಹೇಳುತ್ತದೆ. ಶೇಪರಿನ ಹಿಂದೆಮುಂದೆ ಓಡುವ ತೋಳಾದ ರ‍್ಯಾಮ್ ಪ್ರತಿ ಸಲ ದಿಕ್ಕು ಬದಲಿಸುವಾಗ ಇಡೀ ಯಂತ್ರವನ್ನು ಅಡ್ಡಕ್ಕೆ ಎಳೆಯುತ್ತದೆ. ಪವರ್ ಪ್ರೆಸ್ ಮತ್ತು ಪವರ್ ಹ್ಯಾಮರ್ ಏಟು ಹಾಕುವಂಥವು. ಅವುಗಳ ಜಾಗ ನೆಲ, ಮಹಡಿಯಲ್ಲ. ಲೋಹದ ಮೇಲ್ಮೈಯನ್ನು ಉಜ್ಜಿ ನಯ ಮಾಡುವ ಸರ್ಫೇಸ್ ಗ್ರೈಂಡರಿನ ಕಷ್ಟ ಇದಕ್ಕೆ ತಿರುಗುಮುರುಗು: ಅದು ನೆಲವನ್ನು ಅದುರಿಸುವುದಕ್ಕಿಂತ, ನೆಲದ ಅದುರು ಅದರ ಕೆಲಸವನ್ನು ಹಾಳು ಮಾಡುವುದೇ ಹೆಚ್ಚು. ಪಕ್ಕದ ಕೋಣೆಯಲ್ಲಿ ಯಾರಾದರೂ ದಡದಡ ನಡೆದರೂ ಮೈಕ್ರಾನಿನ ಕೆಲಸದಲ್ಲಿ ಅದರ ಗುರುತು ಬೀಳಬಹುದು.

ಕರ್ನಾಟಕದಲ್ಲಿ ಮನೆಯೊಳಗಿನ ಭಾರಿ ಯಂತ್ರ ಎಂದಾಗ ಲೇತಿಗಿಂತ ಮೊದಲು ನೆನಪಾಗಬೇಕಾದದ್ದು ವಿದ್ಯುತ್ ಮಗ್ಗ. ದೊಡ್ಡಬಳ್ಳಾಪುರದಲ್ಲಿ, ರಬಕವಿ-ಬನಹಟ್ಟಿಯಲ್ಲಿ, ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಮನೆ ಮತ್ತು ಮಗ್ಗ ಒಂದೇ ಸೂರಿನಡಿ ಬಾಳಿವೆ. ಲಾಳಿ ಓಡುವ ಮಗ್ಗದಲ್ಲಿ ಪ್ರತಿ ಹೊಡೆತಕ್ಕೂ ಹಲಗೆ ಮುಂದೆ ಬಂದು ಹೊಕ್ಕಿನ ನೂಲನ್ನು ಬಡಿದು ಹಿಂದೆ ಹೋಗುತ್ತದೆ. ನಿಮಿಷಕ್ಕೆ 150 ಹೊಡೆತ ಎಂದರೆ ಸೆಕೆಂಡಿಗೆ ಎರಡೂವರೆ ಸಲ ಅಡ್ಡ ಎಳೆತ. ಈಗ ಕಟ್ಟಡದ ಕಡೆ ನೋಡಿ: ಭೂಕಂಪದ ಸಂಹಿತೆಯಾದ ಐಎಸ್ 1893ರಲ್ಲಿ ಗೋಡೆ ತುಂಬದ ಬರಿ ಪಿಲ್ಲರ್ ಚೌಕಟ್ಟಿನ ಕಟ್ಟಡ ಓಲಾಡುವ ಅವಧಿಗೆ ಒಂದು ಸ್ಥೂಲ ಸೂತ್ರವಿದೆ. ಒಂಬತ್ತು ಮೀಟರ್ ಎತ್ತರದ, ಎಂದರೆ ಮೂರು ಅಂತಸ್ತಿನ ಕಟ್ಟಡಕ್ಕೆ ಅದು 0.39 ಸೆಕೆಂಡ್ ಕೊಡುತ್ತದೆ. ಸೆಕೆಂಡಿಗೆ ಸುಮಾರು ಎರಡೂವರೆ ಓಲಾಟ. ಮಗ್ಗದ ತಾಳವೂ ಕಟ್ಟಡದ ತಾಳವೂ ಒಂದೇ ಆಯಿತು. ಗೋಡೆಗಳು ತುಂಬಿದ ಮನೆ ಇನ್ನೂ ಬಿಗಿಯಾಗಿರುವುದರಿಂದ ಸಾಮಾನ್ಯವಾಗಿ ಪಾರಾಗುತ್ತದೆ. ಕೆಳಗೆ ಕಾರಿಗೆಂದು ಬರಿ ಪಿಲ್ಲರ್ ಬಿಟ್ಟು ಮೇಲೆ ಸಾಲಾಗಿ ಮಗ್ಗ ಹಾಕುವವರು ಮಾತ್ರ ಈ ಲೆಕ್ಕವನ್ನು ಇಂಜಿನಿಯರರಿಂದ ಮಾಡಿಸಲೇಬೇಕು. ಅಡ್ಡ ಎಳೆತಕ್ಕೆ ಸ್ಲ್ಯಾಬಿನ ದಪ್ಪ ಉತ್ತರವಲ್ಲ. ಅದು ಪಿಲ್ಲರುಗಳ ಮತ್ತು ಗೋಡೆಗಳ ಮಾತು.

ಮೇಲಂತಸ್ತಿನ ಯಂತ್ರಗಳು ಏನು ಮಾಡಬಲ್ಲವು ಎಂಬುದನ್ನು ಜಗತ್ತು ಕಂಡದ್ದು ಬಾಂಗ್ಲಾದೇಶದ ಸಾವರ್‌ನಲ್ಲಿ. ಅಲ್ಲಿನ ರಾಣಾ ಪ್ಲಾಜಾ ಅಂಗಡಿ ಮತ್ತು ಕಚೇರಿಗಳಿಗೆಂದು ಯೋಜಿಸಿದ ಕಟ್ಟಡ. ಅದರ ಮೇಲೆ ಅಂತಸ್ತುಗಳನ್ನು ಏರಿಸಿ ಬಟ್ಟೆ ಕಾರ್ಖಾನೆಗಳನ್ನು ತುಂಬಿದರು, ಭಾರಿ ಜನರೇಟರುಗಳನ್ನೂ ಮೇಲೆಯೇ ಇಟ್ಟರು. 2013ರ ಏಪ್ರಿಲ್ 23ರಂದು ಬಿರುಕು ಕಂಡಿತು. ಕೆಳಗಿನ ಬ್ಯಾಂಕು ತನ್ನವರನ್ನು ಹೊರಗೆ ಕಳಿಸಿತು. ಮರುದಿನ ಬೆಳಿಗ್ಗೆ ಕಾರ್ಮಿಕರನ್ನು ಮತ್ತೆ ಕೆಲಸಕ್ಕೆ ಕರೆದರು, ಕರೆಂಟು ಹೋಯಿತು, ಜನರೇಟರುಗಳು ಶುರುವಾದವು, ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಕಳಪೆ ಕಾಮಗಾರಿ, ಅನುಮತಿಯಿಲ್ಲದ ಅಂತಸ್ತುಗಳು ಹೀಗೆ ಕಾರಣಗಳು ಹಲವು, ಮತ್ತು ಮನೆಯ ಒಂದು ಲೇತನ್ನು ಅದಕ್ಕೆ ಹೋಲಿಸುವುದು ಸರಿಯಲ್ಲ. ಆದರೆ ಒಂದು ಬಳಕೆಗೆ ಕಟ್ಟಿದ್ದನ್ನು ಇನ್ನೊಂದಕ್ಕೆ ಬಳಸುವುದು, ಅದರ ಮೇಲೆ ಅದುರುವ ತೂಕ ಇಡುವುದು, ಬಿರುಕನ್ನು ಕಂಡೂ ಕಾಣದಂತಿರುವುದು ಎಂಬ ಮೂರು ಕೊಂಡಿಗಳು ಮನೆಯಲ್ಲೂ ಸೇರಬಹುದಾದಂಥವು.

ಯಂತ್ರದ ಕಾಲಿಗೆ ರಬ್ಬರ್ ಹಾಕಿದರೆ ಅದುರು ನಿಲ್ಲುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಹೇಳಬೇಕು. ರಬ್ಬರ್ ಕೂಡ ಸ್ಪ್ರಿಂಗೇ. ಅದಕ್ಕೂ ಅದೇ ಸೂತ್ರ. ತೂಕಕ್ಕೆ ಒಂದು ಮಿಲಿಮೀಟರ್ ತಗ್ಗುವ ಪ್ಯಾಡಿನ ಲಯ ಸೆಕೆಂಡಿಗೆ 15.8. ಸ್ಪ್ರಿಂಗು ಅದುರನ್ನು ತಡೆಯಲು ಶುರು ಮಾಡುವುದು ತನ್ನ ಲಯದ 1.4 ಪಟ್ಟಿನ ಮೇಲೆ ಮಾತ್ರ, ಎಂದರೆ ನಿಮಿಷಕ್ಕೆ 1,340 ಸುತ್ತುಗಳ ನಂತರ. 1,440 ಸುತ್ತಿನ ಮೋಟಾರಿನ ಗುಂಯ್‌ಗುಡುವಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕಿಂತ ಕೆಳಗಿನ ಚಕ್ಕಿನ ವೇಗಗಳಲ್ಲಿ ಪ್ಯಾಡು ಏನನ್ನೂ ತಡೆಯುವುದಿಲ್ಲ, 950ರ ಸುತ್ತಮುತ್ತ ಹೆಚ್ಚೂ ಮಾಡುತ್ತದೆ. ಕಂಪ್ರೆಸರಿಗೆ, ಬೆಂಚ್ ಗ್ರೈಂಡರಿಗೆ ಪ್ಯಾಡು ಉಪಯುಕ್ತ. ಲೇತಿಗೆ ಮೆತ್ತನೆಯ ಪ್ಯಾಡು ಹಾಕಿದರೆ ಅದರ ಉದ್ದನೆಯ ತಳಭಾಗವಾದ ಬೆಡ್ ನೆಟ್ಟಗೆ ನಿಲ್ಲದೆ ಹೊಸ ತೊಂದರೆ ಹುಟ್ಟುತ್ತದೆ.

ಗೋಡೆಯಿಂದ ಗೋಡೆಗೆ ಗರ್ಡರ್

ಸ್ಲ್ಯಾಬಿನ ಬಗ್ಗೆ ಅನುಮಾನವಿದ್ದರೆ ಅದರ ಮೇಲೆ ಭಾರವನ್ನೇ ಹಾಕದಿರುವುದು ಒಂದು ಒಳ್ಳೆಯ ಉಪಾಯ. ಎರಡು ಉಕ್ಕಿನ ಗರ್ಡರುಗಳನ್ನು ಕೋಣೆಯ ಅಡ್ಡಕ್ಕೆ, ಬೀಮಿನಿಂದ ಬೀಮಿಗೆ ಅಥವಾ ಭಾರ ಹೊರುವ ಗೋಡೆಯಿಂದ ಗೋಡೆಗೆ ಹಾಕಿ, ಯಂತ್ರವನ್ನು ಅವುಗಳ ಮೇಲೆ ಬೋಲ್ಟ್ ಮಾಡಬೇಕು. ಗರ್ಡರಿನ ತುದಿಗಳು ಗೋಡೆಯ ಬುಡದಲ್ಲಿ ಕೊರೆದ ಗೂಡಿನೊಳಗೆ, ಕಾಂಕ್ರೀಟಿನ ಗಟ್ಟಿ ಹಾಸಿನ ಮೇಲೆ ಕೂರಬೇಕು; ನಡುವೆ ಸ್ಲ್ಯಾಬಿಗೂ ಗರ್ಡರಿಗೂ ಒಂದಿಂಚಿನಷ್ಟು ಸಂದು ಇರಬೇಕು. ಸಂದಿಲ್ಲದಿದ್ದರೆ ಗರ್ಡರ್ ಬಾಗಿ ಸ್ಲ್ಯಾಬಿಗೆ ತಾಗಿ, ಹಾಕಿದ್ದೇ ವ್ಯರ್ಥವಾಗುತ್ತದೆ.

ಇಲ್ಲಿ ಬಹಳ ಜನ ಎಡವುವುದು ಗರ್ಡರಿನ ಅಳತೆಯಲ್ಲಿ. 3.2 ಮೀಟರ್ ದೂರಕ್ಕೆ 150 ಮಿಲಿಮೀಟರಿನ ಎರಡು ಚಾನಲ್‌ಗಳು ಒಂದು ಟನ್ನನ್ನು ಬಲದ ದೃಷ್ಟಿಯಿಂದ ಲೀಲಾಜಾಲವಾಗಿ ಹೊರುತ್ತವೆ. ಆದರೆ ನಡುವಿನಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಬಾಗುತ್ತವೆ. ಲಯ ನಿಮಿಷಕ್ಕೆ 640ರ ಹತ್ತಿರ ಬರುತ್ತದೆ, ಮತ್ತೆ ಚಕ್ಕಿನ ವೇಗಗಳ ನಡುವೆಯೇ. ಅವುಗಳ ಬದಲು 200 ಮಿಲಿಮೀಟರಿನ ಐ ಆಕಾರದ ಗರ್ಡರ್, ಮೀಟರಿಗೆ ಸುಮಾರು 25 ಕಿಲೋ ತೂಗುವಂಥದ್ದು, ಹಾಕಿದರೆ ಬಾಗುವುದು ಮುಕ್ಕಾಲು ಮಿಲಿಮೀಟರಿಗೆ ಇಳಿದು ಲಯ 1,090ರ ಆಚೆ ಈಚೆ ಹೋಗುತ್ತದೆ. ದಿನನಿತ್ಯದ ವೇಗಗಳಿಂದ ಮೇಲೆ. ಮುರಿಯದಷ್ಟು ಗಟ್ಟಿ ಎಂಬ ಲೆಕ್ಕಕ್ಕಿಂತ ಬಾಗದಷ್ಟು ಗಟ್ಟಿ ಎಂಬ ಲೆಕ್ಕ ಯಾವಾಗಲೂ ದೊಡ್ಡ ಗರ್ಡರನ್ನು ಕೇಳುತ್ತದೆ. ಯಂತ್ರ ಮುಕ್ಕಾಲು ಅಡಿಯಷ್ಟು ಮೇಲೇರುವುದರಿಂದ ನಿಲ್ಲುವವರಿಗೆ ಹಲಗೆಯ ಕಟ್ಟೆಯನ್ನೋ, ಇಲ್ಲವೇ ಲೇತಿನ ಸ್ಟ್ಯಾಂಡನ್ನು ಅಷ್ಟು ಗಿಡ್ಡ ಮಾಡುವುದನ್ನೋ ಯೋಚಿಸಬೇಕು. ಮೊಣಕೈ ಎತ್ತರಕ್ಕೆ ಸೆಂಟರ್, ಎಂದರೆ ಜಾಬು ತಿರುಗುವ ನಡುಗೆರೆ, ಇಲ್ಲದ ಲೇತಿನಲ್ಲಿ ದಿನವಿಡೀ ದುಡಿಯುವುದು ಕಷ್ಟ.

ಮೇಲೇರಿಸುವ ದಿನ

ಅಪಘಾತಗಳು ಯಂತ್ರ ನಿಂತ ಮೇಲೆ ಆಗುವುದಕ್ಕಿಂತ ಏರಿಸುವಾಗ ಆಗುವುದು ಹೆಚ್ಚು. ಮೊದಲ ನಿಯಮ, ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚುವುದು: ಮೋಟಾರು, ಚಕ್, ಟೇಲ್‌ಸ್ಟಾಕ್, ಕ್ರಾಸ್ ಸ್ಲೈಡ್, ಸಾಧ್ಯವಾದರೆ ಹೆಡ್‌ಸ್ಟಾಕ್ ಮತ್ತು ಸ್ಟ್ಯಾಂಡ್. ಆಗ ಅತಿ ಭಾರದ ತುಂಡು ಬೆಡ್ ಒಂದೇ ಆಗುತ್ತದೆ. ಮೂರಡಿ ಅಗಲದ, ನಡುವೆ ತಿರುಗುವ ಮೆಟ್ಟಿಲಿನಲ್ಲಿ ಅದನ್ನೂ ಹೊರಿಸುವುದಕ್ಕಿಂತ ಹೈಡ್ರಾ ಕ್ರೇನಿನಿಂದ ಕಿಟಕಿಯ ಅಥವಾ ಬಾಲ್ಕನಿಯ ಬಾಗಿಲಿನ ಮೂಲಕ ಒಳತರುವುದು ಸುರಕ್ಷಿತ. ಆದರೆ ಬಾಲ್ಕನಿ ಒಂದೇ ಕಡೆ ಹಿಡಿತವಿರುವ ಚಾಚು. ಅದರ ಮೇಲೆ ಯಂತ್ರವನ್ನು ಒಂದು ನಿಮಿಷವೂ ಇಳಿಸಬಾರದು. ಅದರಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತದೆ, ಮೋಲ್ಡಿಂಗ್ ಮಾಡುವಾಗ ಕೆಲಸಗಾರರು ತುಳಿದು ಅದು ಕೆಳಗೆ ಕೂತಿದ್ದರೆ ಬಾಲ್ಕನಿಯ ಬಲ ಕಾಗದದಲ್ಲಿರುವಷ್ಟು ಇರುವುದಿಲ್ಲ. ಕ್ರೇನಿನ ಸರಪಳಿ ಸಡಿಲವಾಗುವ ಮೊದಲೇ ಯಂತ್ರದ ತೂಕ ಒಳಗಿನ ಬೀಮಿನ ಮೇಲೆ ಬಂದಿರಬೇಕು. ಸಜ್ಜೆಯ ಮೇಲೆ ಆಳು ನಿಲ್ಲಬಾರದು. ಫ್ಯಾನಿನ ಕೊಕ್ಕೆಗೆ ಚೈನ್ ಪುಲ್ಲಿ ಸಿಕ್ಕಿಸಬಾರದು. ಆ ಕೊಕ್ಕೆ ಫ್ಯಾನಿನ ತೂಕಕ್ಕೆ ಇಟ್ಟದ್ದು, ಅದನ್ನು ಎಳೆದರೆ ಸ್ಲ್ಯಾಬಿನ ತಳದ ಕಾಂಕ್ರೀಟನ್ನೂ ಕಿತ್ತುಕೊಂಡು ಬರಬಹುದು.

ಒಳಗೆ ಬಂದ ಮೇಲೆ ಯಂತ್ರ ಕೋಣೆಯ ನಡುವೆ ಹಾದು ತನ್ನ ಜಾಗಕ್ಕೆ ಹೋಗಬೇಕು. ಆ ಹತ್ತು ನಿಮಿಷ ಅದು ಗೋಡೆಯ ಬದಿಯಲ್ಲಿರುವುದಿಲ್ಲ. ಕೆಳಗಿನ ಕೋಣೆಯಲ್ಲಿ ಸೆಂಟ್ರಿಂಗ್ ಜಾಕಿಗಳನ್ನೋ ಸರ್ವೆ ಮರದ ಕಂಬಗಳನ್ನೋ ಹಾದಿಯುದ್ದಕ್ಕೂ ನಿಲ್ಲಿಸಿ ಸ್ಲ್ಯಾಬಿಗೆ ಊರೆ ಕೊಡುವುದು, ಮೇಲೆ ದಪ್ಪ ಹಲಗೆ ಹಾಸಿ ಪೈಪುಗಳ ಮೇಲೆ ಉರುಳಿಸುವುದು ವಾಡಿಕೆ, ಬಿಡಬಾರದ ವಾಡಿಕೆ. ಆ ಹೊತ್ತು ಕೆಳಗಿನ ಕೋಣೆಯಲ್ಲಿ ಯಾರೂ ಇರಬಾರದು.

ವಿದ್ಯುತ್ತಿನ ಮತ್ತು ಸದ್ದಿನ ವಿಷಯ ಚಿಕ್ಕದು. ಮೂರು ಫೇಸ್ ಇಲ್ಲದ ಮನೆಯಲ್ಲಿ ಮೋಟಾರಿನ ವೇಗವನ್ನು ನಿಯಂತ್ರಿಸುವ ವಿಎಫ್‌ಡಿ ಹಾಕಿ ಸಿಂಗಲ್ ಫೇಸಿನಲ್ಲೇ ಸಣ್ಣ ಮೂರು ಫೇಸ್ ಮೋಟಾರನ್ನು ಓಡಿಸಬಹುದು, ಮತ್ತು ವೇಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಲು ಬರುವುದರಿಂದ ನೆಲದ ಲಯವನ್ನು ತಪ್ಪಿಸಿಕೊಳ್ಳಲು ಅದು ಒಳ್ಳೆಯ ಸಾಧನ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂಬುದು 2000ದ ಶಬ್ದ ಮಾಲಿನ್ಯ ನಿಯಮಗಳ ಮಿತಿ.

ಕೂರಿಸಿದ ನಂತರದ ತಿಂಗಳುಗಳು

ಕಾಂಕ್ರೀಟಿಗೆ ಒಂದು ಗುಣವಿದೆ: ಸದಾ ಇರುವ ಭಾರಕ್ಕೆ ಅದು ಮೊದಲ ದಿನ ಬಾಗಿದಷ್ಟಕ್ಕೇ ನಿಲ್ಲದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಇನ್ನಷ್ಟು ತಗ್ಗುತ್ತ ಹೋಗುತ್ತದೆ. ಸ್ಲ್ಯಾಬ್ ಹಳೆಯದಾದಷ್ಟೂ ಈ ತಗ್ಗು ಕಡಿಮೆ, ಆದರೆ ಇಲ್ಲದಿರುವುದಿಲ್ಲ. ಊಟಕ್ಕೆ ಕೂತು ಎದ್ದು ಹೋದ ಮೂವತ್ತು ಜನರಿಗೂ ಯಂತ್ರಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಲೇತಿನ ಎರಡು ತುದಿಗಳ ಕೆಳಗೆ ನೆಲ ಬೇರೆ ಬೇರೆಯಾಗಿ ತಗ್ಗಿದರೆ ಬೆಡ್ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಮತ್ತು ತಿರುಚಿದ ಬೆಡ್ಡಿನಲ್ಲಿ ಎಷ್ಟು ಹುಷಾರಾಗಿ ತಿರುಗಿಸಿದರೂ ಜಾಬು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಬರುತ್ತದೆ. ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಲೆವೆಲ್‌ನಿಂದ ಮೊದಲ ವಾರ, ಮೊದಲ ತಿಂಗಳು, ಆಮೇಲೆ ಮಳೆಗಾಲಕ್ಕೂ ಬೇಸಿಗೆಗೂ ಒಮ್ಮೆ ಬೆಡ್ಡನ್ನು ನೋಡಿ ಕಾಲುಗಳ ಸ್ಕ್ರೂ ಸರಿಪಡಿಸಬೇಕು. ನೋಡುವಾಗ ಯಂತ್ರವನ್ನು ನಡೆಸುವವರು ತಾವು ನಿಲ್ಲುವ ಜಾಗದಲ್ಲೇ ನಿಂತಿರಬೇಕು. ಮೆತ್ತಗಿನ ಮಹಡಿಯಲ್ಲಿ ಅವರು ಪಕ್ಕಕ್ಕೆ ಸರಿದರೂ ಗುಳ್ಳೆ ಸರಿಯುತ್ತದೆ.

ಜೊತೆಗೆ ಕೆಳಗಿನ ಮನೆಗೆ ಹೋಗಿ ಸೂರನ್ನು ನೋಡಬೇಕು. ಸೂರಿನ ನಡುವಿನಲ್ಲಿ ಅಥವಾ ನಡುವಿನಿಂದ ಮೂಲೆಗಳ ಕಡೆಗೆ ಓಡುವ ಬಿರುಕು, ಮೇಲಿನ ನೆಲದಲ್ಲಿ ಗೋಡೆಯ ಗುಂಟ ಟೈಲ್ಸ್ ಬಿಟ್ಟುಕೊಳ್ಳುವುದು, ಮೊದಲು ಸಲೀಸಾಗಿದ್ದ ಕೆಳಗಿನ ಬಾಗಿಲು ಚೌಕಟ್ಟಿಗೆ ಹಿಡಿಯುವುದು, ಇವು ಸ್ಲ್ಯಾಬ್ ಬಾಗುತ್ತಿರುವುದರ ಗುರುತುಗಳು. ಹಳೆಯ ಬಿರುಕೋ ಹೊಸದೋ ಎಂಬ ಅನುಮಾನವಿದ್ದರೆ ಅದರ ಎರಡೂ ಬದಿಗೆ ಅಂಟುವಂತೆ ಒಂದು ತೆಳು ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಾರೀಖು ಬರೆದಿಡಬೇಕು. ಬಿರುಕು ಚಲಿಸಿದರೆ ಗಾಜು ಸೀಳುತ್ತದೆ. ಸೀಳಿದ ದಿನ ಯಂತ್ರವನ್ನು ನಿಲ್ಲಿಸಿ, ಕೆಳಗೆ ಜಾಕಿ ಕೊಟ್ಟು, ಸರಳು ಮತ್ತು ಬೆಂಚುಗಳನ್ನು ಮೊದಲು ಇಳಿಸಿ, ಇಂಜಿನಿಯರರನ್ನು ಕರೆಸಬೇಕು. ಅವರು ಬಂದು ನೋಡುವವರೆಗೆ ಆ ಸೂರಿನ ಕೆಳಗೆ ಯಾರೂ ಮಲಗಬಾರದು.